ಸರದಿ ಬರುವಾಗ ಮಕ್ಕಳು ದೊಡ್ಡವರಾಗಿರುತ್ತಾರೆ

ಕಂಬಂ ಕಣಿವೆಯ ಕನ್ನಡ ಮನೆಗಳೂ ಅಮೇರಿಕದ ಕುಟುಂಬ ವೀಸಾವೂ

ಅಮೇರಿಕದ ವಿದೇಶಾಂಗ ಇಲಾಖೆಯವರು ತಿಂಗಳಿಗೊಮ್ಮೆ ಒಂದು ಪಟ್ಟಿಯನ್ನು ಹೊರಡಿಸುತ್ತಾರೆ. ವೀಸಾ ಬುಲೆಟಿನ್ ಎಂದು ಅದರ ಹೆಸರು. ಕೆಲವು ದೇಶಗಳ ಹೆಸರು, ಕೆಲವು ವರ್ಗಗಳ ಹೆಸರು, ಎದುರಿಗೆ ಒಂದೊಂದು ದಿನಾಂಕ. ಅದರಲ್ಲಿ ಇರುವುದು ಇಷ್ಟೇ. ಆದರೂ ಅದನ್ನು ಪಂಚಾಂಗದಂತೆ ತಿಂಗಳು ತಿಂಗಳು ನೋಡುವ ಮನೆಗಳು ನಮ್ಮ ದೇಶದಲ್ಲಿ ಎಷ್ಟೋ ಇವೆ. 2025ರಲ್ಲಿ ಹೊರಟ ಪಟ್ಟಿಗಳಲ್ಲಿ ಭಾರತದ ಸೋದರ ಸೋದರಿಯರ ವರ್ಗಕ್ಕೆ ಎದುರಾಗಿ ಇದ್ದುದು 2006ನೇ ಇಸವಿಯ ದಿನಾಂಕ. ಎಂದರೆ, ಅಮೇರಿಕದ ಪ್ರಜೆಯಾದ ಅಣ್ಣನು ಊರಲ್ಲಿರುವ ತಮ್ಮನಿಗಾಗಿ 2006ರಲ್ಲಿ ಹಾಕಿದ ಅರ್ಜಿಗೆ ಸರದಿ ಬಂದುದು ಹತ್ತೊಂಬತ್ತು ವರ್ಷಗಳ ನಂತರ.

ಹೊರನಾಡೆಂದರೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಕೊಲ್ಲಿಯ ನಾಡುಗಳು. ಅಲ್ಲಿ ಕುಟುಂಬ ವೀಸಾ ಸಂಬಳದ ಲೆಕ್ಕದ ಮೇಲೆ ನಿಂತಿದೆ. ಸಂಬಳ ಸಾಕಷ್ಟಿದ್ದರೆ ಹೆಂಡತಿ ಮಕ್ಕಳು ಬರಬಹುದು. ಕೆಲಸ ಹೋದರೆ ಎಲ್ಲರೂ ಗಂಟುಮೂಟೆ ಕಟ್ಟಬೇಕು. ಕಾಯುವ ಕಷ್ಟ ಇದ್ದರೂ ಅದು ತಿಂಗಳುಗಳ ಕಷ್ಟ. ಅಮೇರಿಕದ ವಲಸೆ ವೀಸಾದ ಬಗೆಯೇ ಬೇರೆ. ಅದು ಅಲ್ಲಿಯೇ ನೆಲೆಸುವ ಹಕ್ಕನ್ನು ಕೊಡುತ್ತದೆ; ಆದರೆ ಕೊಡುವ ಹೊತ್ತಿಗೆ ಕೇಳಿದವನ ತಲೆಕೂದಲು ನರೆತಿರುತ್ತದೆ.

ಈ ವಿಷಯವನ್ನು ಹೇಳಲು ನಾವು ತಮಿಳುನಾಡಿನ ಕಂಬಂ ಕಣಿವೆಯನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಇಡುಕ್ಕಿ ಜಿಲ್ಲೆಯ ಕುಮಿಳಿಯಿಂದ ಘಾಟಿ ಇಳಿದರೆ ಸಿಗುವ ಈ ಕಣಿವೆ 1895ರಿಂದ ಪೆರಿಯಾರಿನ ನೀರನ್ನು ಕುಡಿದು ಹಸಿರಾದದ್ದು. ಭತ್ತ, ತೆಂಗು, ದ್ರಾಕ್ಷಿಯ ತೋಟಗಳು. ಅಲ್ಲಿ ಕನ್ನಡದವರಿದ್ದಾರೆಂದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಕಂಬಂ, ಉತ್ತಮಪಾಳಯಂ ಕಡೆಯಲ್ಲಿ ಕಪ್ಪಿಲಿಯರೆಂದು ಕರೆಸಿಕೊಳ್ಳುವ ಒಕ್ಕಲಿಗರು, ಅನುಪ್ಪರು. ದಿಂಡಿಗಲ್ ಪಕ್ಕದ ಚಿನ್ನಾಳಪಟ್ಟಿಯಂಥ ಮಗ್ಗದ ಊರುಗಳಲ್ಲಿ ದೇವಾಂಗರು. ಕಂಬದಲ್ಲಿ ನಂದಗೋಪಾಲನ ಗುಡಿಯ ದೊಡ್ಡಿಯಲ್ಲಿ ದನಗಳನ್ನೇ ದೇವರೆಂದು ಪೂಜಿಸುವವರು ಈ ಒಕ್ಕಲಿಗರೇ. ಎಡ್ಗರ್ ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ಕಪ್ಪಿಲಿಯರನ್ನೂ ಅನುಪ್ಪರನ್ನೂ ಕನ್ನಡ ಮಾತಾಡುವ ಬೇಸಾಯಗಾರರೆಂದೇ ಬರೆದಿದ್ದಾನೆ. ಉತ್ತರದಿಂದ ಓಡಿ ಬರುವಾಗ ದಾಟಲಾಗದ ಹೊಳೆ ಅಡ್ಡವಾಯಿತೆಂದೂ, ಎರಡು ದಡದ ಹೊಂಗೆ ಮರಗಳು ಬಾಗಿ ಸೇತುವೆಯಾದುವೆಂದೂ ಆ ಭಾಗದ ವಲಸೆಗಾರರಲ್ಲಿ ಒಂದು ಕಥೆಯಿದೆ. ಈಗಿನ ಹೊಳೆಗೆ ಹೊಂಗೆ ಮರ ಬಾಗುವುದಿಲ್ಲ. ಕಾಗದ ಬೇಕು.

ಕಾಗದದ ವಿಷಯದಲ್ಲಿಯೇ ಆ ಮನೆಗಳಿಗೂ ನಮ್ಮ ಮನೆಗಳಿಗೂ ಹೋಲಿಕೆ. ಅವರು ಮನೆಯಲ್ಲಿ ಆಡುವುದು ಕನ್ನಡ, ಅಕ್ಷರ ಕಲಿತದ್ದು ತಮಿಳಿನಲ್ಲಿ. ನಮಗೆ ಕನ್ನಡ ಶಾಲೆಗಳ ಆಸರೆಯಾದರೂ ಇದೆ. ಆದರೆ ವಿಲ್ಲೇಜ್ ಆಫೀಸಿನಿಂದ ಬರುವ ಕಾಗದ ಹೆಚ್ಚಾಗಿ ಮಲಯಾಳದ್ದು. ಮನೆಮಾತು ಒಂದು, ದಾಖಲೆಯ ಮಾತು ಇನ್ನೊಂದು ಆದವರು ವಲಸೆ ವೀಸಾದ ಬಾಗಿಲಲ್ಲಿ ನಿಂತಾಗ ಏನಾಗುತ್ತದೆಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ಈ ಸರದಿ ಇಷ್ಟು ಉದ್ದವಾದುದೇಕೆ ಎಂಬುದನ್ನು ತಿಳಿಯಬೇಕು.

ನೂರರಿಂದ ನಾಲ್ಕೂವರೆ ಸಾವಿರಕ್ಕೆ

1946ರ ಕಾಯಿದೆಯೊಂದರ ಪ್ರಕಾರ ಭಾರತದಿಂದ ವರ್ಷಕ್ಕೆ ಅಮೇರಿಕಕ್ಕೆ ವಲಸೆ ಹೋಗಬಹುದಾಗಿದ್ದವರು ಕೇವಲ 100 ಮಂದಿ. 1965ರ ಕಾಯಿದೆ ಬಾಗಿಲನ್ನು ಅಗಲ ಮಾಡಿತು. ದೇಶಕ್ಕೆ 20,000ದ ಮಿತಿ ಇಟ್ಟು, ಅದರಲ್ಲಿ ಕುಟುಂಬದವರಿಗೆ ದೊಡ್ಡ ಪಾಲು ಕೊಟ್ಟಿತು. ಡಾಕ್ಟರರೂ ಇಂಜಿನಿಯರರೂ ಹೋದದ್ದು ಆಗಲೇ. 1990ರ ಕಾಯಿದೆಯಿಂದ ಬಂದ ಲೆಕ್ಕ ಇಂದಿಗೂ ನಡೆಯುತ್ತಿದೆ.

ಆ ಲೆಕ್ಕ ಹೀಗೆ. ಅಮೇರಿಕದ ಪ್ರಜೆಯ ಗಂಡ ಅಥವಾ ಹೆಂಡತಿ, 21 ವರ್ಷ ತುಂಬದ ಮದುವೆಯಾಗದ ಮಕ್ಕಳು, ತಂದೆ ತಾಯಿ, ಇವರಿಗೆ ಸಂಖ್ಯೆಯ ಮಿತಿಯಿಲ್ಲ. ಕಾಗದಪತ್ರ ನಡೆಯುವಷ್ಟು ಕಾಲ ಕಾದರೆ ಸಾಕು. ಉಳಿದವರಿಗೆ ಮಿತಿ ಇದೆ. ಪ್ರಜೆಗಳ ಮದುವೆಯಾಗದ ದೊಡ್ಡ ಮಕ್ಕಳಿಗೆ ವರ್ಷಕ್ಕೆ 23,400. ಮದುವೆಯಾದ ಮಕ್ಕಳಿಗೆ ಅಷ್ಟೇ. ಗ್ರೀನ್ ಕಾರ್ಡಿನವರ ಹೆಂಡತಿ ಮಕ್ಕಳಿಗೆ 1,14,200. ಪ್ರಜೆಗಳ ಸೋದರ ಸೋದರಿಯರಿಗೆ 65,000. ಇದು ಇಡೀ ಪ್ರಪಂಚಕ್ಕೆ. ಯಾವುದೇ ಒಂದು ದೇಶಕ್ಕೆ ನೂರಕ್ಕೆ ಏಳಕ್ಕಿಂತ ಹೆಚ್ಚು ಸಿಗಬಾರದು. ಸೋದರರ ವರ್ಗದಲ್ಲಿ ಆ ಏಳು ಪಾಲೆಂದರೆ ಸುಮಾರು 4,500. ನೂರನಾಲ್ವತ್ತು ಕೋಟಿಗೆ ಮಿಕ್ಕಿದ ಭಾರತಕ್ಕೂ ಅಷ್ಟೇ, ನಾಲ್ಕು ಊರಿನ ಸಣ್ಣ ದ್ವೀಪರಾಷ್ಟ್ರಕ್ಕೂ ಅಷ್ಟೇ. ಇದು ಸಮಾನತೆಯೆಂದು ಅವರು ಹೇಳುತ್ತಾರೆ. ಸಾಲಿನಲ್ಲಿ ನಿಂತವನಿಗೆ ಹಾಗೆ ಕಾಣುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ತಮ್ಮನ ಜೊತೆಗೆ ಹೋಗುವ ಅವನ ಹೆಂಡತಿಯೂ ಮಕ್ಕಳೂ ಅದೇ 4,500ರ ಲೆಕ್ಕದಲ್ಲಿಯೇ ಸೇರುತ್ತಾರೆ. ನಾಲ್ಕು ಜನರ ಒಂದು ಸಂಸಾರ ಹೊರಟರೆ ನಾಲ್ಕು ಸಂಖ್ಯೆ ಖರ್ಚು.

ತಡವಾದ ಕಛೇರಿಯೇ ಉಪಕಾರ ಮಾಡಿದ ಕತೆ

ಕಂಬದ ಒಂದು ಮನೆಯನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ. ಅಣ್ಣ ಓದಿ ಅಮೇರಿಕಕ್ಕೆ ಹೋಗಿ ಅಲ್ಲಿಯ ಪ್ರಜೆಯಾದ. ತಮ್ಮ ದ್ರಾಕ್ಷಿ ತೋಟ ನೋಡಿಕೊಂಡು ಊರಲ್ಲಿ ನಿಂತ. 2006ರ ಏಪ್ರಿಲಿನಲ್ಲಿ ಅಣ್ಣ ಅರ್ಜಿ ಹಾಕಿದ. ಆಗ ತಮ್ಮನಿಗೆ ಮೂವತ್ತೆರಡು. ಮಗಳು 1999ರ ಜನವರಿಯಲ್ಲಿ ಹುಟ್ಟಿದವಳು, ಮಗ 2003ರ ಜನವರಿಯಲ್ಲಿ ಹುಟ್ಟಿದವನು. 2025ರ ನಡುವಿನಲ್ಲಿ ಸರದಿ ಬಂತು. ತಮ್ಮನಿಗೆ ಐವತ್ತೊಂದು. ಮಗನಿಗೆ 22 ವರ್ಷ 5 ತಿಂಗಳು, ಮಗಳಿಗೆ 26 ದಾಟಿದೆ.

ಮಕ್ಕಳು ತಂದೆಯ ಬಾಲದಲ್ಲಿ ಹೋಗಬೇಕಾದರೆ 21 ತುಂಬಿರಬಾರದು, ಮದುವೆಯಾಗಿರಬಾರದು. ಈ ಅನ್ಯಾಯವನ್ನು ಸ್ವಲ್ಪ ಸರಿಪಡಿಸಲು 2002ರ ಆಗಸ್ಟ್ 6ರಂದು ಒಂದು ಕಾಯಿದೆ ಬಂತು. ಅದರ ಪ್ರಕಾರ ಸರದಿ ಬಂದ ದಿನದ ವಯಸ್ಸಿನಿಂದ, ಅಣ್ಣನ ಅರ್ಜಿ ಮಂಜೂರಾಗದೆ ಅಲ್ಲಿಯ ಕಛೇರಿಯ ಮೇಜಿನ ಮೇಲೆ ಬಿದ್ದಿದ್ದ ಕಾಲವನ್ನು ಕಳೆಯಬೇಕು. ಆ ಅರ್ಜಿ ಮಂಜೂರಾಗಲು ನಾಲ್ಕು ವರ್ಷ ಹಿಡಿದಿದ್ದರೆ ಮಗನ ವಯಸ್ಸು ಕಾನೂನಿನ ಕಣ್ಣಿಗೆ 18 ವರ್ಷ 5 ತಿಂಗಳು. ಅವನು ಹೋಗಬಹುದು. ಆರೇ ತಿಂಗಳಲ್ಲಿ ಮಂಜೂರಾಗಿದ್ದರೆ 21 ವರ್ಷ 11 ತಿಂಗಳು. ಅವನು ಹೋಗುವಂತಿಲ್ಲ. ಗುಮಾಸ್ತನು ಚುರುಕಾಗಿ ಕೆಲಸ ಮಾಡಿದುದಕ್ಕೆ ಹುಡುಗ ಊರಲ್ಲಿ ಉಳಿದ! ಮಂಜೂರಾದ ಮೇಲೆ ಸಾಲಿನಲ್ಲಿ ಕಳೆದ ಹದಿನೈದು, ಹದಿನೆಂಟು ವರ್ಷಗಳನ್ನು ಮಾತ್ರ ಯಾರೂ ಕಳೆಯುವುದಿಲ್ಲ. ಮಗಳಾದರೋ ನಾಲ್ಕು ವರ್ಷ ಕಳೆದರೂ ಇಪ್ಪತ್ತೆರಡು ದಾಟಿದವಳು. ಅವಳ ಹೆಸರು ಎರಡು ಲೆಕ್ಕದಲ್ಲಿಯೂ ಬಿಟ್ಟುಹೋಯಿತು.

ಹೀಗೆ ಬಿಟ್ಟುಹೋದವರಿಗೆ ತಂದೆಯ ಹಳೆಯ ದಿನಾಂಕವನ್ನಾದರೂ ಕೊಡಬಾರದೇ ಎಂಬ ಪ್ರಶ್ನೆ ಅಮೇರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ಜೂನಿನಲ್ಲಿ ಬಂದ ತೀರ್ಪು ಸೋದರರ ವರ್ಗದ ಮಕ್ಕಳಿಗೆ ಕೊಡಬೇಕಾಗಿಲ್ಲ ಎಂದಾಯಿತು. ಆದುದರಿಂದ ತಂದೆ ತಾಯಿ ಹೋಗಿ ಗ್ರೀನ್ ಕಾರ್ಡ್ ಪಡೆದು, ಮಗಳಿಗಾಗಿ ಹೊಸ ಅರ್ಜಿ ಹಾಕಿ, ಸಾಲಿನ ಕೊನೆಯಿಂದ ಆರಂಭಿಸಬೇಕು. ಆ ವರ್ಗದಲ್ಲಿ 2025ರ ಪಟ್ಟಿಗಳಲ್ಲಿದ್ದ ದಿನಾಂಕ 2016ರ ಆಸುಪಾಸಿನದು; ಇನ್ನೂ ಒಂಬತ್ತು ವರ್ಷ. ಅಷ್ಟು ಕಾಲವೂ ಅವಳು ಮದುವೆಯಾಗದೆ ಇರಬೇಕು. ಮದುವೆಯಾದ ದಿನವೇ ಅರ್ಜಿ ಬಿದ್ದುಹೋಗುತ್ತದೆ. ಇಪ್ಪತ್ತಾರರ ಹುಡುಗಿಗೆ ಮೂವತ್ತೈದರ ವರೆಗೆ ಕಾಯೆಂದು ಯಾವ ತಾಯಿ ಹೇಳಿಯಾಳು?

ಮದುವೆಯ ಈ ಷರತ್ತು ನಮ್ಮಂಥ ಮನೆಗಳಲ್ಲಿ ಮಾಡುವ ಹಾನಿ ಪಟ್ಟಿಯಲ್ಲಿ ಕಾಣುವುದಿಲ್ಲ. ಸೋದರಮಾವನ ಮನೆಯಿಂದ ಒಳ್ಳೆಯ ಸಂಬಂಧ ಬಂದಿದೆ, ಹುಡುಗಿಗೆ ಮನಸ್ಸಿದೆ. ಆದರೆ "ಸರದಿ ಹತ್ತಿರ ಬಂದಿದೆ, ಒಂದು ವರ್ಷ ನೋಡೋಣ" ಎಂದು ಮುಂದೂಡುವುದು. ಆ ವರ್ಷ ಪಟ್ಟಿಯ ದಿನಾಂಕ ಒಂದು ಹೆಜ್ಜೆಯೂ ಮುಂದೆ ಹೋಗದಿರಬಹುದು. ಹಿಂದಕ್ಕೆ ಸರಿಯುವುದೂ ಉಂಟು. ಆದುದರಿಂದ ಮಕ್ಕಳ ಲೆಕ್ಕವನ್ನು ಮೊದಲೇ ಮಾಡಿಡುವುದು ಲೇಸು. ಅಣ್ಣನ ಅರ್ಜಿ ತಲಪಿದ ದಿನ, ಮಂಜೂರಾದ ದಿನ, ಈ ಎರಡೂ ಅವನ ಬಳಿಯ ಮಂಜೂರಾತಿ ಕಾಗದದಲ್ಲಿರುತ್ತವೆ. ಅವುಗಳ ನಡುವಿನ ಅಂತರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ, ಯಾವ ಮಗುವಿಗೆ ಆಸೆ ಇದೆ, ಯಾರಿಗೆ ಇಲ್ಲವೆಂಬುದು ಹತ್ತು ವರ್ಷ ಮೊದಲೇ ಹೆಚ್ಚುಕಡಿಮೆ ತಿಳಿಯುತ್ತದೆ. ಇಲ್ಲವೆಂದಾದ ಹುಡುಗಿಯ ಮದುವೆಯನ್ನು ಪಟ್ಟಿಗಾಗಿ ನಿಲ್ಲಿಸುವುದು ಬರೇ ಹಿಂಸೆ.

ಅರ್ಜಿ ಹಾಕಿದ ಅಣ್ಣನಿಗೂ ವಯಸ್ಸಾಗುತ್ತದೆಂಬುದನ್ನು ಮರೆಯುವಂತಿಲ್ಲ. ಅವನು ತೀರಿಕೊಂಡರೆ ಊರಲ್ಲಿ ಕಾಯುತ್ತಿರುವವರ ಅರ್ಜಿ ತಾನಾಗಿ ರದ್ದು. ಅರ್ಜಿ ಮೊದಲೇ ಮಂಜೂರಾಗಿದ್ದರೆ ಮಾತ್ರ, ಮಾನವೀಯ ಕಾರಣದಿಂದ ಮರಳಿ ಊರ್ಜಿತಗೊಳಿಸಿರೆಂದು ಕೇಳಿಕೊಳ್ಳಬಹುದು; ಕೊಡುವುದು ಬಿಡುವುದು ಅವರ ಇಷ್ಟ. ಬದುಕಿದ್ದರೂ, ನಿವೃತ್ತನಾದ ಅಣ್ಣನ ಆದಾಯ ಸಾಲದೆ ಹೋಗಬಹುದು. ಬರುವವರ ಹೊಣೆ ಹೊರುವ ಪತ್ರಕ್ಕೆ ಅಲ್ಲಿಯ ಬಡತನದ ರೇಖೆಗಿಂತ ಕಾಲು ಭಾಗ ಹೆಚ್ಚಿನ ಆದಾಯ ತೋರಿಸಬೇಕು. ಸಾಲದಿದ್ದರೆ ಅಲ್ಲಿಯ ಇನ್ನೊಬ್ಬ ಪ್ರಜೆಯೋ ಗ್ರೀನ್ ಕಾರ್ಡಿನವನೋ ಜೊತೆಗೆ ರುಜು ಹಾಕಬೇಕಾಗುತ್ತದೆ. ಅಣ್ಣನ ಮಕ್ಕಳು ಚಿಕ್ಕಪ್ಪನಿಗಾಗಿ ರುಜು ಹಾಕುವರೇ ಎಂಬುದು ಆಯಾ ಮನೆಯ ಸಂಗತಿ.

ಊರು ಅಲ್ಲೇ ಇದೆ, ಜಿಲ್ಲೆ ಬದಲಾಯಿತು

ಇನ್ನು ಕಾಗದಗಳ ಮಾತು. ಸೋದರರ ವರ್ಗದಲ್ಲಿ ಸಿದ್ಧಪಡಿಸಬೇಕಾದ ಮುಖ್ಯ ಸಂಗತಿ ಒಂದೇ: ಇಬ್ಬರೂ ಒಂದೇ ತಂದೆಯ ಅಥವಾ ತಾಯಿಯ ಮಕ್ಕಳು ಎಂಬುದು. ಊರಿಗೆಲ್ಲ ಗೊತ್ತಿರುವ ಸತ್ಯ. ಆದರೆ ಊರು ಮುಂಬೈಯ ಕೌಂಟರಿಗೆ ಬರುವುದಿಲ್ಲ.

ಅಣ್ಣ ಶಾಲೆಗೆ ಸೇರಿದ ಕಾಲದಲ್ಲಿ ತಂದೆಯ ಹೆಸರಿನ ಜೊತೆಗೆ ಗೌಂಡರ್ ಎಂದು ಬರೆದಿರುತ್ತಾರೆ. ತಮಿಳುನಾಡಿನಲ್ಲಿ 1929ರ ಚೆಂಗಲ್ಪಟ್ಟು ಸ್ವಾಭಿಮಾನ ಸಮ್ಮೇಳನದ ನಂತರ ಜಾತಿಯ ಬಾಲವನ್ನು ಬಿಡುವ ಪದ್ಧತಿ ಹಬ್ಬುತ್ತ ಬಂದುದರಿಂದ, ತಮ್ಮನ ದಾಖಲೆಯಲ್ಲಿ ಬರೇ ಹೆಸರಿರಬಹುದು. ಒಬ್ಬನೇ ತಂದೆ ಕಾಗದದಲ್ಲಿ ಇಬ್ಬರಾಗಿ ಬಿಡುತ್ತಾನೆ. ಅದರ ಮೇಲೆ ಲಿಪಿಯ ತೊಡಕು. ತಮಿಳಿನಲ್ಲಿ ಪಕಾರ ಬಕಾರಗಳಿಗೂ, ಕಕಾರ ಗಕಾರಗಳಿಗೂ ಒಂದೊಂದೇ ಅಕ್ಷರ. ಮನೆಯಲ್ಲಿ ಬಸಮ್ಮನೆಂದು ಕರೆಸಿಕೊಂಡ ತಾಯಿ ತಮಿಳು ಕಾಗದದಿಂದ ಇಂಗ್ಲಿಷಿಗೆ ಹೋಗುವಾಗ ಪಸಮ್ಮನಾಗಬಹುದು. ನಮ್ಮಲ್ಲಿಯೂ ಭಟ್ ಎಂಬ ಎರಡಕ್ಷರದ ಹೆಸರನ್ನು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆದ ಒಂದೇ ಮನೆಯ ಮಕ್ಕಳಿದ್ದಾರೆ.

ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದಿಟ್ಟು ಒಂದೇ ಹೆಸರಿನಿಂದ ಬದುಕಿದವರ ಪಾಡು ಇನ್ನೂ ಸ್ವಾರಸ್ಯದ್ದು. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಇದ್ದರೆ, ಅಮೇರಿಕದವರು ಇರುವ ಹೆಸರನ್ನು ಕುಲನಾಮದ ಜಾಗಕ್ಕೆ ಹಾಕಿ, ಸ್ವಂತ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಅಚ್ಚು ಮಾಡುತ್ತಾರೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ತಾತನ ಹೆಸರು ಇಟ್ಟುಕೊಂಡು ಹೆಮ್ಮೆಯಿಂದ ಹೊರಟವನು ಆ ನಾಡಿನಲ್ಲಿ ಹೆಸರಿಲ್ಲದವನಾಗಿ ಇಳಿಯುತ್ತಾನೆ. ಪಾಸ್‌ಪೋರ್ಟ್ ನವೀಕರಿಸುವಾಗಲೇ ಹೆಸರನ್ನು ಎರಡು ಭಾಗ ಮಾಡಿಸಿಕೊಂಡರೆ ಈ ಪೀಡೆ ಇಲ್ಲ.

ಹುಟ್ಟಿದ ಸ್ಥಳದ ಪ್ರಶ್ನೆಯಲ್ಲಿ ಕಂಬದವರೂ ಕಾಸರಗೋಡಿನವರೂ ಅಣ್ಣತಮ್ಮಂದಿರೇ ಸರಿ. 1954ರಲ್ಲಿ ಕುಂಬಳೆಯಲ್ಲಿ ಹುಟ್ಟಿದವನು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವನು. 1956ರ ನವಂಬರ್ 1ರಂದು ಕೇರಳಕ್ಕೆ ಸೇರಿ, ಶಾಲೆಗೆ ಹೋಗುವಾಗ ಕಣ್ಣಾನೂರು ಜಿಲ್ಲೆಯವನಾದ. 1984ರ ಮೇ 24ರಿಂದ ಕಾಸರಗೋಡು ಜಿಲ್ಲೆಯವನು. ಕಂಬದಲ್ಲಿ ಅದೇ ವರ್ಷ ಹುಟ್ಟಿದವನು ಮದ್ರಾಸ್ ರಾಜ್ಯದ ಮದುರೈ ಜಿಲ್ಲೆಯವನು. 1969ರಲ್ಲಿ ರಾಜ್ಯದ ಹೆಸರು ತಮಿಳುನಾಡು ಆಯಿತು, 1996ರಲ್ಲಿ ತೇನಿ ಬೇರೆ ಜಿಲ್ಲೆಯಾಯಿತು. ದಿಂಡಿಗಲ್ ಬೇರೆಯಾದುದು 1985ರಲ್ಲಿ. ಇವರಾರೂ ಮನೆ ಬಿಟ್ಟು ಕದಲಿದವರಲ್ಲ. ಆದರೂ ಜನನ ಪತ್ರ, ಶಾಲೆಯ ಸರ್ಟಿಫಿಕೇಟು, ಪಾಸ್‌ಪೋರ್ಟು ಮೂರರಲ್ಲಿ ಮೂರು ಜಿಲ್ಲೆ. ಇದಕ್ಕೆ ಹೆದರಬೇಕಾಗಿಲ್ಲ. ಜಿಲ್ಲೆಗಳು ಒಡೆದ ಇಸವಿಗಳನ್ನು ಹೇಳಿ ಅರ್ಧ ಪುಟದ ವಿವರಣೆ ಬರೆದು ಜೊತೆಗಿಟ್ಟರಾಯಿತು. ವಲಸೆ ವೀಸಾದ ಅರ್ಜಿಯಲ್ಲಿ ಹದಿನಾರನೆಯ ವಯಸ್ಸಿನಿಂದ ಇದ್ದ ವಿಳಾಸಗಳನ್ನೆಲ್ಲ ಕೇಳುತ್ತಾರೆ. ಅಲ್ಲಿಯೂ ಈ ವಿವರಣೆ ಉಪಯೋಗಕ್ಕೆ ಬರುತ್ತದೆ.

ಜನನ ಮರಣ ನೋಂದಣಿಯ 1969ರ ಕಾಯಿದೆ ಜಾರಿಗೆ ಬಂದುದು 1970ರ ಏಪ್ರಿಲ್ 1ರಂದು. ಅದಕ್ಕಿಂತ ಹಿಂದೆ ಮನೆಯಲ್ಲೇ ಹುಟ್ಟಿದವರ ದಾಖಲೆ ಸಿಕ್ಕರೂ "ಗಂಡು ಮಗು" ಎಂದಷ್ಟೇ ಬರೆದು ಹೆಸರಿಲ್ಲದ್ದಿರುತ್ತದೆ. ಸಿಗದಿದ್ದವರು ದಾಖಲೆ ಇಲ್ಲವೆಂಬ ಪತ್ರವನ್ನು ಅಧಿಕಾರಿಗಳಿಂದ ಪಡೆದು, ಶಾಲೆಯ ಸರ್ಟಿಫಿಕೇಟನ್ನೂ ಹುಟ್ಟನ್ನು ಬಲ್ಲ ಹಿರಿಯರ ಪ್ರಮಾಣಪತ್ರಗಳನ್ನೂ ಕೊಡಬೇಕು. ಹಿರಿಯರ ವಿಷಯದಲ್ಲಿ ತಡ ಮಾಡಬಾರದು. ಹತ್ತೊಂಬತ್ತು ವರ್ಷ ಕಾದು ನೋಡುವಾಗ, ಹುಟ್ಟನ್ನು ಕಂಡ ಅತ್ತೆಯೂ ದೊಡ್ಡಮ್ಮನೂ ಇರುವುದಿಲ್ಲ. ಅವರು ಇರುವಾಗಲೇ ಬರೆಯಿಸಿಟ್ಟುಕೊಳ್ಳಬೇಕು. ಮದುವೆಗೂ ಹೀಗೆಯೇ. ಕೇರಳದಲ್ಲಿ 2008ರ ನಿಯಮ, ತಮಿಳುನಾಡಿನಲ್ಲಿ 2009ರ ಕಾಯಿದೆ ಬಂದ ಮೇಲೆ ನೋಂದಣಿ ಕಡ್ಡಾಯ. ಅದಕ್ಕೆ ಮೊದಲಿನವರ ಬಳಿ ಇರುವುದು ಕರೆಯೋಲೆ ಮತ್ತು ಆಲ್ಬಂ. ಆ ಕರೆಯೋಲೆಯನ್ನು ಎಸೆಯಬೇಡಿರಿ. ಕಾಗದಗಳೆಲ್ಲ ಸೇರಿಯೂ ಸಂಶಯ ತೀರದಿದ್ದರೆ ಡಿಎನ್‌ಎ ಪರೀಕ್ಷೆಯ ಸೂಚನೆ ಬರುವುದುಂಟು.

ಇಂಗ್ಲಿಷಿನಲ್ಲಿಲ್ಲದ ಕಾಗದಕ್ಕೆ ಇಂಗ್ಲಿಷ್ ಭಾಷಾಂತರ ಬೇಕು; ಭಾಷಾಂತರ ಸರಿಯಾಗಿದೆ, ತನಗೆ ಎರಡು ಭಾಷೆಯೂ ಬರುತ್ತದೆ ಎಂದು ಭಾಷಾಂತರಿಸಿದವನು ರುಜು ಹಾಕಬೇಕು. ಮಲಯಾಳದ ಕಾಗದವನ್ನು ಒಬ್ಬರೂ ಕನ್ನಡದ್ದನ್ನು ಇನ್ನೊಬ್ಬರೂ ಇಂಗ್ಲಿಷಿಗೆ ತಂದಾಗ ಹೆಸರುಗಳು ಮತ್ತೆ ಚದುರುತ್ತವೆ. ಪಾಸ್‌ಪೋರ್ಟಿನಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನು ಮುಂದಿಟ್ಟುಕೊಂಡೇ ಇಬ್ಬರೂ ಬರೆಯುವಂತೆ ನೋಡಿಕೊಳ್ಳಬೇಕು.

ನಮ್ಮ ಜಿಲ್ಲೆಯವರಿಗೆ ಮಾತ್ರ ಸಂಬಂಧಿಸಿದ ಒಂದು ಮಾತು: ಹದಿನಾರು ವರ್ಷದ ಮೇಲೆ ಬೇರೆ ಯಾವುದೇ ದೇಶದಲ್ಲಿ ಒಂದು ವರ್ಷವೋ ಹೆಚ್ಚೋ ಇದ್ದವರು ಅಲ್ಲಿಯ ಪೋಲೀಸ್ ಪತ್ರವನ್ನೂ ತರಬೇಕು. ದುಬಾಯಿಯಲ್ಲಿ ಹತ್ತು ವರ್ಷ ದುಡಿದು ಬಂದವರು ಹಳೆಯ ಪಾಸ್‌ಪೋರ್ಟನ್ನೂ ಅಲ್ಲಿಯ ಗುರುತು ಚೀಟಿಯನ್ನೂ ಕಾಪಾಡಿಕೊಂಡಿದ್ದರೆ ಒಳ್ಳೆಯದು.

ಮುಂಬೈಯ ಹತ್ತು ನಿಮಿಷ

ಚೆನ್ನೈಯ ಜೆಮಿನಿ ವೃತ್ತದ ಬಳಿಯಲ್ಲೇ ಕಾನ್ಸುಲೇಟ್ ಇದೆಯಲ್ಲ, ಅಲ್ಲಿಗೆ ಹೋದರಾಗದೇ ಎಂದು ಕೇಳುವವರಿದ್ದಾರೆ. ಪ್ರವಾಸ, ಓದು, ಕೆಲಸದ ವೀಸಾಗಳಿಗೆ ಅದು ಸರಿ. ಕುಟುಂಬದ ವಲಸೆ ವೀಸಾಕ್ಕೆ ಸಾಮಾನ್ಯವಾಗಿ ಮುಂಬೈಗೇ ಹೋಗಬೇಕು. 2011ರ ನವಂಬರಿನಿಂದ ಆ ಕಛೇರಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿದೆ. ನಮ್ಮವರಿಗೆ ಮುಂಬೈ ಹೊಸ ಊರಲ್ಲ. ಹೋಟೆಲಿನಲ್ಲಿ ದುಡಿದ ಚಿಕ್ಕಪ್ಪನೋ ಮಾವನೋ ಇಲ್ಲದ ಮನೆ ಕಡಿಮೆ. ರಾತ್ರಿ ರೈಲು ಹತ್ತಿದರೆ ಕೊಂಕಣ ದಾರಿಯಾಗಿ ಮರುದಿನ ಮುಟ್ಟಬಹುದು. ಕಂಬಕ್ಕೆ ರೈಲೇ ಇಲ್ಲ. ಬೋಡಿನಾಯಕನೂರಿನ ಸಣ್ಣ ಹಳಿಯನ್ನು 2010ರ ಕೊನೆಗೆ ಮುಚ್ಚಿ, ದೊಡ್ಡ ಹಳಿ ಹಾ­ಕಿ ರೈಲು ಬಿಟ್ಟುದು 2023ರ ಜೂನಿನಲ್ಲಿ. ಮುದುಕರನ್ನೂ ಮಕ್ಕಳನ್ನೂ ಕಟ್ಟಿಕೊಂಡು ದಿಂಡಿಗಲ್ಲಿಗೆ ಬಂದು, ಅಲ್ಲಿಂದ ಒಂದು ದಿನಕ್ಕೂ ಮಿಕ್ಕಿದ ಪ್ರಯಾಣ. ಖರ್ಚೂ ಸಣ್ಣದಲ್ಲ. ಅಣ್ಣನ ಅರ್ಜಿಗೆ 2024ರ ಏಪ್ರಿಲಿನಿಂದ ಕಾಗದದ ಮೂಲಕ 675 ಡಾಲರ್. ಸರದಿ ಬಂದ ಮೇಲೆ ತಲೆಗೆ 325 ಡಾಲರ್, ಹೊಣೆಪತ್ರಕ್ಕೆ 120. ವೈದ್ಯರ ತಪಾಸಣೆ, ಲಸಿಕೆಗಳ ಖರ್ಚು ಬೇರೆ.

ಸಂದರ್ಶನವೆಂದರೆ ಬೆರಳಚ್ಚು, ಪ್ರಮಾಣ, ಕಿಟಕಿಯ ಮುಂದೆ ನಿಂತು ಕೆಲವು ನಿಮಿಷದ ಮಾತು. ಅಣ್ಣ ಯಾವಾಗ ಹೋದ, ಒಟ್ಟು ಒಡಹುಟ್ಟಿದವರು ಎಷ್ಟು, ಅಲ್ಲಿ ಎಲ್ಲಿ ಇರುತ್ತೀರಿ ಎಂಬಂಥ ಪ್ರಶ್ನೆಗಳು. ಯಾವ ಭಾಷೆಯಲ್ಲಿ ಉತ್ತರ ಹೇಳುವುದೆಂದು ಮೊದಲೇ ಮನೆಯಲ್ಲಿ ನಿಶ್ಚಯಿಸಬೇಕು. ಕಂಬದ ಮನೆಗಳ ಕನ್ನಡ ನೂರಾರು ವರ್ಷ ತಮಿಳಿನ ಜೊತೆ ಬೆಳೆದದ್ದು. ಪುಸ್ತಕದ ಕನ್ನಡ ಬಲ್ಲವರಿಗೆ ಕೂಡಲೇ ತಿಳಿಯದೆ ಹೋಗಬಹುದು. ಹೇಳಲು ನಮಗೆ ಸಂತೋಷವಿಲ್ಲ, ಆದರೂ ಅಲ್ಲಿ ಅವರು ತಮಿಳನ್ನೇ ಹೇಳುವುದು ಕ್ಷೇಮ. ಕಾಗದ ಏನಾದರೂ ಕಡಿಮೆಯಾದರೆ 221(ಜಿ) ಎಂಬ ಚೀಟಿ ಕೊಟ್ಟು ಕಳುಹಿಸುತ್ತಾರೆ. ಅದು ಪೂರ್ತಿ ತಿರಸ್ಕಾರವಲ್ಲ. ಕೇಳಿದ್ದನ್ನು ಒದಗಿಸಿದರೆ ಮುಂದುವರಿಯುತ್ತದೆ.

ಸರದಿ ಬಂದು ಕಾಗದ ಪೂರ್ಣವಾದ ಮೇಲೂ ಕಾದವರಿದ್ದಾರೆ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಕಾನ್ಸುಲೇಟುಗಳು ಮುಚ್ಚಿದವು. ಏಪ್ರಿಲಿನಲ್ಲಿ ಅಧ್ಯಕ್ಷ ಟ್ರಂಪರ ಆಜ್ಞೆಯಿಂದ ಹೆಚ್ಚಿನ ವರ್ಗಗಳ ವಲಸೆ ವೀಸಾಗಳೇ ನಿಂತವು. 2021ರ ಫೆಬ್ರವರಿಯಲ್ಲಿ ಬೈಡೆನ್ ಅದನ್ನು ಹಿಂತೆಗೆದರು. 2022ರ ಆರಂಭದಲ್ಲಿ, ಕಾಗದಗಳೆಲ್ಲ ಸರಿಯಾಗಿದ್ದೂ ಸಂದರ್ಶನದ ದಿನ ಸಿಗದೆ ಪ್ರಪಂಚದಲ್ಲಿ ಕಾಯುತ್ತಿದ್ದವರು 4 ಲಕ್ಷಕ್ಕೂ ಮಿಕ್ಕಿ.

ಇಂಥ ಕಾಯುವಿಕೆಯಿಂದ ಹಣ ಮಾಡುವವರು ಎಲ್ಲ ಊರಲ್ಲಿಯೂ ಹುಟ್ಟಿಕೊಳ್ಳುತ್ತಾರೆ. ಸರದಿಯ ದಿನಾಂಕವನ್ನು ದುಡ್ಡು ಕೊಟ್ಟು ಮುಂದೆ ತರುವ ದಾರಿ ಇಲ್ಲ. ಲಾಟರಿ ವೀಸಾ ಬಂದಿದೆಯೆಂದು ಪತ್ರ ಬಂದರೆ ಅದು ಮೋಸ. ಐದು ವರ್ಷದಲ್ಲಿ 50,000ಕ್ಕಿಂತ ಹೆಚ್ಚು ವಲಸೆಗಾರರನ್ನು ಕಳುಹಿಸುವ ದೇಶವಾದುದರಿಂದ ಭಾರತಕ್ಕೆ ಆ ಲಾಟರಿಯಲ್ಲಿ ಪಾಲೇ ಇಲ್ಲ.

ಕೊನೆಯದಾಗಿ ವಿಳಾಸದ ಮಾತು, ಸಣ್ಣದೆಂದು ಕಂಡರೂ ಬಿಡುವಂತಿಲ್ಲ. ಮಂಜೂರಾದ ಅರ್ಜಿಗಳು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೋರ್ಟ್ಸ್‌ಮತ್ ಎಂಬಲ್ಲಿರುವ ನ್ಯಾಷನಲ್ ವೀಸಾ ಸೆಂಟರಿನಲ್ಲಿ ಕಾದಿರುತ್ತವೆ. ಸರದಿ ಬಂತೆಂಬ ಸೂಚನೆ ಅಲ್ಲಿಂದ ಬರಬೇಕು. 2006ರ ಅರ್ಜಿಯಲ್ಲಿ ಬರೆದ ಮನೆಹೆಸರೂ ಅಂಚೆಯೂ ಈಗ ಬೇರೆಯಾಗಿರಬಹುದು. ಅಣ್ಣನೇ ಎರಡು ಊರು ಬದಲಾಯಿಸಿರಬಹುದು. ಆಗ ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಮಾಡಿಸಿದ ಇ-ಮೇಲಿನ ಗುಪ್ತಪದ ಯಾರಿಗೂ ನೆನಪಿಲ್ಲದಿರಬಹುದು. ಸೂಚನೆ ಬಂದು ಒಂದು ವರ್ಷದೊಳಗೆ ಉತ್ತರ ಕೊಡದಿದ್ದರೆ ನೋಂದಣಿಯನ್ನು ರದ್ದು ಮಾಡುವ ಅಧಿಕಾರ ಅವರಿಗಿದೆ. ತಡವಾದುದು ನಮ್ಮ ಕೈಮೀರಿದ ಕಾರಣದಿಂದ ಎಂದು ಸೂಚನೆಯಿಂದ ಎರಡು ವರ್ಷದೊಳಗೆ ತೋರಿಸಿದರೆ ಮಾತ್ರ ಅದು ಮರಳಿ ಸಿಗುತ್ತದೆ. ಹೊಸ ವಿಳಾಸವನ್ನು ತಿಳಿಸಲು ಶುಲ್ಕವಿಲ್ಲ; ಕೇಸ್ ನಂಬರ್ ಒಂದು ಗೊತ್ತಿದ್ದರೆ ಸಾಕು. ಆ ನಂಬರ್ ಅಣ್ಣನ ಬಳಿ ಮಾತ್ರ ಇದ್ದರೆ, ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿರಿ.